ಮೊದಲ ಸಲ ವಿಧಾನಸಭೆಗೆ ನಿಲ್ಲುವವರ ಕಾಗದ, ಕಾಸು, ಬೂತ್: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರ ಚರ್ಚೆ

ಹೆಬ್ಬಾಗಿಲು
ಗೌರಿಬಿದನೂರು ಕಡೆಯ ಒಬ್ಬರು ಮುಂದಿನ ವಿಧಾನಸಭೆಗೆ ಪಕ್ಷೇತರರಾಗಿ ನಿಲ್ಲುವ ತಯಾರಿಯಲ್ಲಿದ್ದಾರೆ. ಇದೇ ಮೊದಲು. ಜೊತೆಗಿರುವವರಲ್ಲೂ ಚುನಾವಣೆ ಕಾಗದ ಮುಟ್ಟಿದವರಿಲ್ಲ. ಜಾತಿ ಲೆಕ್ಕ, ಗೆಲ್ತಾರಾ ಸೋಲ್ತಾರಾ ಅನ್ನೋ ಮಾತು ಇಲ್ಲಿ ಬೇಡ, ಅದಕ್ಕೆ ಟೀ ಅಂಗಡಿಗಳಿವೆ. ನಾಮಪತ್ರ, ಖರ್ಚು, ಬೂತ್ ಈ ಮೂರರಲ್ಲಿ ಹೊಸಬರು ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ ಎಂದು ಗೊತ್ತಿರುವವರು ಬರೆಯಿರಿ.

ನಾಮಪತ್ರ_ಗುಮಾಸ್ತ
ಮೊದಲು ದಿನಗಳ ಲೆಕ್ಕ. 2023ರದ್ದನ್ನೇ ತೆಗೆದುಕೊಳ್ಳಿ. ಏಪ್ರಿಲ್ 13ಕ್ಕೆ ಅಧಿಸೂಚನೆ, 20ಕ್ಕೆ ನಾಮಪತ್ರದ ಕೊನೆ ದಿನ, 21ಕ್ಕೆ ಪರಿಶೀಲನೆ, 24ಕ್ಕೆ ವಾಪಸ್ ಪಡೆಯುವ ಕೊನೆ ದಿನ, ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ನಾಮಪತ್ರಕ್ಕೆ ಎಂಟು ದಿನ ಇದ್ದಂತೆ ಕಾಣುತ್ತದೆ. ಭಾನುವಾರ, ಸಾರ್ವಜನಿಕ ರಜೆ ಕಳೆಯಿರಿ. ಉಳಿದ ದಿನಗಳಲ್ಲೂ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ. ಅದರಲ್ಲಿ ರಾಹುಕಾಲ ಕಳೆಯುವವರೂ ಇದ್ದಾರೆ. ಆ ಏಪ್ರಿಲ್ 20 ಗುರುವಾರ, ಮೇಲೆ ಅಮಾವಾಸ್ಯೆ. ಗುರುವಾರದ ರಾಹುಕಾಲ ಒಂದೂವರೆಯಿಂದ ಮೂರು. ಹಾಗೆ ನೋಡಿದರೆ ಕೊನೆ ದಿನ ಕೈಲಿ ಉಳಿಯುವುದು ಎರಡೂವರೆ ಗಂಟೆ.

ಬೇಕಾದದ್ದು ಇಷ್ಟು. ವಯಸ್ಸು 25 ತುಂಬಿರಬೇಕು. ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಲ್ಲುವ ಕ್ಷೇತ್ರದಲ್ಲೇ ಇರಬೇಕೆಂದಿಲ್ಲ. ಆದರೆ ಬೇರೆ ಕ್ಷೇತ್ರದ ಮತದಾರರಾದರೆ ಆ ಪಟ್ಟಿಯ ದೃಢೀಕೃತ ಪ್ರತಿ ಕೊಡಬೇಕು, ಕಡೇಪಕ್ಷ ಪರಿಶೀಲನೆ ಹೊತ್ತಿಗೆ. ಹುಟ್ಟಿದ್ದು ಗೌರಿಬಿದನೂರು, ವೋಟು ಯಲಹಂಕದಲ್ಲಿ ಎನ್ನುವವರು ನಮ್ಮ ಮೂರೂ ಜಿಲ್ಲೆಯಲ್ಲಿ ಬೇಕಾದಷ್ಟು. ಜಾಲತಾಣದಿಂದ ಇಳಿಸಿಕೊಂಡ ಪಿಡಿಎಫ್ ದೃಢೀಕೃತ ಪ್ರತಿ ಅಲ್ಲ, ಇದನ್ನು ಹತ್ತು ಸಲ ಹೇಳಿ.

ನಾಮಪತ್ರ ನಮೂನೆ 2ಬಿ. ಒಬ್ಬರು ಒಂದು ಕ್ಷೇತ್ರಕ್ಕೆ ನಾಲ್ಕು ಪ್ರತಿವರೆಗೆ ಸಲ್ಲಿಸಬಹುದು. ನಾಲ್ಕೂ ಸಲ್ಲಿಸಿ. ಠೇವಣಿ ಒಂದೇ ಸಲ: 10,000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 5,000. ಡಿಡಿ ತೆಗೆಸಿದರೆ ಆಯಿತಲ್ಲ?

ಪಹಣಿಪುಟ
ಇಲ್ಲ! ಚೆಕ್ ನಡೆಯಲ್ಲ, ಡಿಡಿನೂ ನಡೆಯಲ್ಲ. ಚುನಾವಣಾಧಿಕಾರಿ ಬಳಿ ನಗದು ಕಟ್ಟಬೇಕು, ಇಲ್ಲವೇ ಖಜಾನೆಗೆ ಕಟ್ಟಿದ ಚಲನ್ ಲಗತ್ತಿಸಬೇಕು. ಎಲ್ಲ ಕಡೆ ಡಿಡಿ ಕೇಳಿ ಅಭ್ಯಾಸ ಆಗಿರುವುದರಿಂದ ಇಲ್ಲೂ ಅದನ್ನೇ ಹಿಡಿದು ಬರುತ್ತಾರೆ.

ನಾಮಪತ್ರ_ಗುಮಾಸ್ತ
ಸರಿ, ಬರೆಯುವ ಭರದಲ್ಲಿ ತಪ್ಪಿದೆ. ನಗದು ಅಥವಾ ಚಲನ್.

ಇನ್ನು ಸೂಚಕರ (ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರ) ವಿಷಯ. ಹೊಸಬರ ನಾಮಪತ್ರ ಬಿದ್ದುಹೋಗುವುದು ಇಲ್ಲೇ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ, ನೋಂದಣಿಯಷ್ಟೇ ಆಗಿರುವ ಸಣ್ಣ ಪಕ್ಷದವರಿಗೆ ಹತ್ತು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ತೊಂಡೇಭಾವಿ ಕಡೆ ನೆಂಟರೆಲ್ಲ ಇದ್ದಾರೆ ಅಂತ ಹೆಸರು ಬರೆಸುತ್ತಾರೆ. ಅವರಲ್ಲಿ ಒಬ್ಬರ ವೋಟು ದೊಡ್ಡಬಳ್ಳಾಪುರದಲ್ಲಿದ್ದರೆ ಉಳಿದದ್ದು ಒಂಬತ್ತು. ಒಂಬತ್ತಾದರೆ ತಿರಸ್ಕಾರ. ಅದು ಸಣ್ಣ ದೋಷವೆಂದು ಬಿಡುವಂಥದ್ದಲ್ಲ.

ಹೆಸರಿನ ಕಾಗುಣಿತ, ಭಾಗ ಸಂಖ್ಯೆ, ಕ್ರಮ ಸಂಖ್ಯೆಯಲ್ಲಿನ ಸಣ್ಣ ತಪ್ಪಿಗೆ ನಾಮಪತ್ರ ತಿರಸ್ಕರಿಸಬಾರದು, ನಿಜ. ಸಲ್ಲಿಸುವಾಗಲೇ ಚುನಾವಣಾಧಿಕಾರಿ ಪಟ್ಟಿಯೊಂದಿಗೆ ತಾಳೆ ನೋಡಿ ತಿದ್ದಿಸಬಹುದು. ಆದರೆ ಕೊನೆ ದಿನ ಎರಡೂ ಮುಕ್ಕಾಲಿಗೆ ಹೋದವರಿಗೆ ತಾಳೆ ನೋಡಿಸಿಕೊಳ್ಳುವಷ್ಟು ಸಮಯವೇ ಇರುವುದಿಲ್ಲ.

ಹೆಬ್ಬೆಟ್ಟು ಸೂಚಕರಿದ್ದರೆ ಇನ್ನೊಂದು ಗಂಟು. ಮನೆಯಲ್ಲಿ ಕೂತು ಒತ್ತಿಸಿಕೊಂಡ ಹೆಬ್ಬೆಟ್ಟು ಲೆಕ್ಕಕ್ಕಿಲ್ಲ, ಚುನಾವಣಾಧಿಕಾರಿ ಅಥವಾ ಅದಕ್ಕೆಂದು ಗೊತ್ತುಪಡಿಸಿದ ಅಧಿಕಾರಿಯ ಮುಂದೆ ಒತ್ತಿ ದೃಢೀಕರಣ ಆಗಬೇಕು. ಆದಷ್ಟೂ ಸಹಿ ಬರುವವರನ್ನೇ ಆರಿಸಿ. ನಾಲ್ಕು ಪ್ರತಿಗೂ ಅದೇ ಹತ್ತು ಜನ ಸಹಿ ಹಾಕಬಹುದು, ಕಾನೂನು ತಡೆಯುವುದಿಲ್ಲ. ಆದರೂ ಪ್ರತಿಗೊಂದು ಹತ್ತು ಜನರ ಬೇರೆ ತಂಡ ಮಾಡಿ. 'ಇದು ನನ್ನ ಸಹಿ ಅಲ್ಲ' ಎಂದು ಪರಿಶೀಲನೆ ದಿನ ಒಬ್ಬ ಸೂಚಕ ಬಂದು ನಿಂತರೆ ಒಂದು ಪ್ರತಿ ಬೀಳುತ್ತದೆ, ಮೂರು ಉಳಿಯುತ್ತವೆ. ಹಾಗೆ ಬಂದು ನಿಲ್ಲುವಂತೆ ಮಾಡುವವರು ಇರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಕೊಠಡಿಯೊಳಗೆ ಅಭ್ಯರ್ಥಿ ಜೊತೆ ನಾಲ್ವರು. ಕಚೇರಿಯ 100 ಮೀಟರ್ ಒಳಗೆ ಮೂರು ವಾಹನ. ತಮಟೆ, ಮೆರವಣಿಗೆ ಎಲ್ಲ ಅದರಾಚೆಗೆ. ಮೆರವಣಿಗೆ ಸಿಕ್ಕಿಹಾಕಿಕೊಂಡು ಅಭ್ಯರ್ಥಿಯೇ ತಡವಾಗುವುದುಂಟು, ಆದ್ದರಿಂದ ಮೊದಲ ಪ್ರತಿಯನ್ನು ಸದ್ದಿಲ್ಲದೆ ಎರಡನೆಯ ದಿನವೇ ಕೊಟ್ಟುಬಿಡಿ. ಜನ ಸೇರಿಸುವ ಆಸೆಯಿದ್ದರೆ ಎರಡನೇ ಪ್ರತಿಗೆ ಸೇರಿಸಿ.

ಕೊನೆಯದಾಗಿ ಪ್ರಮಾಣವಚನ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ದಿನ ಹುಟ್ಟುವ ಮೊದಲು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕು. ಎಷ್ಟೋ ಜನ ಸೂಚಕರ ಕೈಲಿ ನಾಮಪತ್ರ ಕಳಿಸಿ ಇದನ್ನು ಮರೆಯುತ್ತಾರೆ. ಪರಿಶೀಲನೆ ದಿನ ಬೆಳಿಗ್ಗೆ ಓಡಿಬಂದರೆ ಆಗುವುದಿಲ್ಲ. ಪ್ರಮಾಣ ಮಾಡಿದ್ದಕ್ಕೆ ರಸೀದಿ ಕೊಡುತ್ತಾರೆ, ತೆಗೆದಿಟ್ಟುಕೊಳ್ಳಿ.

ಗಡಿಸೀಮೆ_ಪಾವಗಡ
ಮೀಸಲು ಕ್ಷೇತ್ರದ ಮಾತೂ ಇರಲಿ. ಈ ಮೂರು ಜಿಲ್ಲೆಯ 22ರಲ್ಲಿ (ತುಮಕೂರು 11, ಕೋಲಾರ 6, ಚಿಕ್ಕಬಳ್ಳಾಪುರ 5) ಐದು ಪರಿಶಿಷ್ಟ ಜಾತಿಗೆ ಮೀಸಲು: ಪಾವಗಡ, ಕೊರಟಗೆರೆ, ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ. ಮುಳಬಾಗಿಲಿನಲ್ಲಿ 2013ರಲ್ಲಿ ಪಕ್ಷೇತರರಾಗಿ ಗೆದ್ದ ಕೊತ್ತೂರು ಮಂಜುನಾಥ್ 2018ರಲ್ಲಿ ಕಾಂಗ್ರೆಸ್‌ನಿಂದ ಸಲ್ಲಿಸಿದ ನಾಮಪತ್ರ ಜಾತಿ ಪ್ರಮಾಣಪತ್ರದ ವಿಚಾರಕ್ಕೇ ತಿರಸ್ಕೃತವಾಯಿತು. ಕಾಂಗ್ರೆಸ್‌ಗೆ ಅಲ್ಲಿ ಅಧಿಕೃತ ಅಭ್ಯರ್ಥಿಯೇ ಇಲ್ಲದಂತಾಗಿ ಪಕ್ಷೇತರ ಎಚ್. ನಾಗೇಶ್ ಗೆದ್ದರು. ಒಂದು ಕಾಗದ ಇಡೀ ಕ್ಷೇತ್ರದ ಚುನಾವಣೆಯನ್ನು ತಿರುಗಿಸಿದ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ಪ್ರಮಾಣಪತ್ರದ ಜೊತೆ ಶಾಲಾ ದಾಖಲೆ, ತಂದೆಯ ದಾಖಲೆ ಮೊದಲೇ ಜೋಡಿಸಿಟ್ಟುಕೊಳ್ಳಬೇಕು.

ಪಕ್ಷೇತರರು ಗೆಲ್ಲುವುದೇ ಇಲ್ಲ ಎನ್ನುವವರಿಗೂ ಒಂದು ಮಾತು. ಪಾವಗಡದಲ್ಲಿ 2008ರಲ್ಲಿ ವೆಂಕಟರಮಣಪ್ಪ, ಗೌರಿಬಿದನೂರಿನಲ್ಲೇ 2023ರಲ್ಲಿ ಕೆ.ಎಚ್. ಪುಟ್ಟಸ್ವಾಮಿಗೌಡ ಪಕ್ಷೇತರರಾಗಿ ಗೆದ್ದಿದ್ದಾರೆ.

ತಿಪಟೂರು_ಕೊಬ್ಬರಿ
ಟಿಕೆಟ್ ಆಕಾಂಕ್ಷಿಗಳಿಗೂ ಒಂದು ಸಾಲು. ಪಕ್ಷದ ಬಿ ಫಾರ್ಮ್ ಕೊನೆ ದಿನ 3 ಗಂಟೆಯೊಳಗೆ ಚುನಾವಣಾಧಿಕಾರಿ ಕೈಗೆ ಸೇರಬೇಕು, ಶಾಯಿ ಸಹಿಯ ಮೂಲ ಪ್ರತಿಯೇ ಆಗಬೇಕು. ವಾಟ್ಸಾಪ್ ಫೋಟೊ, ಜೆರಾಕ್ಸ್ ಯಾವುದೂ ಆಗದು. ಬಿ ಫಾರ್ಮ್ ನಂಬಿಕೊಂಡು ಒಬ್ಬನೇ ಸೂಚಕನ ಸಹಿಯಲ್ಲಿ ನಾಮಪತ್ರ ಕೊಟ್ಟವರು, ಫಾರ್ಮ್ ಬೇರೆಯವರ ಕೈಗೆ ಹೋದ ಕೂಡಲೇ 'ಸರಿ, ಪಕ್ಷೇತರನಾಗಿಯೇ ನಿಲ್ಲುತ್ತೇನೆ' ಎಂದರೆ ಆಗದು. ಅವರ ನಾಮಪತ್ರ ಬಿತ್ತು. ಹಾಗಾಗಿ ಗೊತ್ತಿರುವವರು ಒಂದು ಪ್ರತಿ ಪಕ್ಷದ ಹೆಸರಲ್ಲಿ, ಇನ್ನೊಂದು ಪ್ರತಿ ಹತ್ತು ಸೂಚಕರೊಂದಿಗೆ ಪಕ್ಷೇತರರ ಭಾಗ ತುಂಬಿ ಕೊಟ್ಟಿರುತ್ತಾರೆ. ಬಂಡಾಯಕ್ಕೂ ಕಾಗದ ಬೇಕು ಸ್ವಾಮಿ.

ಪಹಣಿಪುಟ
ನಮೂನೆ 26, ಅಂದರೆ ಅಫಿಡವಿಟ್ಟಿಗೆ ಬರೋಣ. ಇದಕ್ಕೆ ಒಂದು ತಿಂಗಳು ಬೇಕು. ಉತ್ಪ್ರೇಕ್ಷೆ ಅಲ್ಲ.

ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಿಭಕ್ತ ಕುಟುಂಬ, ಅವಲಂಬಿತರು ಹೀಗೆ ಎಲ್ಲರದ್ದೂ ಬೇಕು. ಪಾನ್, ಐದು ವರ್ಷದ ಆದಾಯ ತೆರಿಗೆ ವಿವರ, ಆದಾಯದ ಮೂಲ, ಕೈಯಲ್ಲಿರುವ ನಗದು, ಬ್ಯಾಂಕ್ ಖಾತೆ, ವಿಮೆ, ವಾಹನ, ಒಡವೆ, ಜಮೀನು, ಮನೆ, ಸಾಲ, ಸರ್ಕಾರಕ್ಕೆ ಬಾಕಿ, ಓದು, ಮೊಕದ್ದಮೆ, ಸಾಮಾಜಿಕ ಜಾಲತಾಣದ ಖಾತೆಗಳು. ನೋಟರಿ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಪ್ರಮಾಣ ಮಾಡಬೇಕು, ಪ್ರತಿ ಪುಟಕ್ಕೂ ಸಹಿ.

ಖಾಲಿ ಬಿಡಬೇಡಿ. ಗೆರೆ ಎಳೆದು ಬಿಡುವುದೂ ಬೇಡ. 'ಇಲ್ಲ', 'ಅನ್ವಯಿಸುವುದಿಲ್ಲ' ಎಂದು ಅಕ್ಷರದಲ್ಲಿ ಬರೆಯಿರಿ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಖಾಲಿ ಕಾಲಂ ಇದ್ದರೆ ಚುನಾವಣಾಧಿಕಾರಿ ಮೊದಲು ನೋಟಿಸ್ ಕೊಟ್ಟು ತುಂಬಲು ಹೇಳಬೇಕು, ಆಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. ನೋಟಿಸ್ ಬಂದಾಗ ಹೊಸ ಅಫಿಡವಿಟ್ ಮಾಡಿಸಬೇಕು, ನೋಟರಿ ಹುಡುಕಬೇಕು. ಖಾಲಿ ಛಾಪಾ ಕಾಗದದ ಒಂದು ಸೆಟ್ ಹೆಚ್ಚಿಗೆ ಇಟ್ಟಿರಿ.

ನಮ್ಮ ಕಡೆಯ ನಿಜವಾದ ತಲೆನೋವು ಜಮೀನು. ಪಹಣಿ ಇನ್ನೂ ತಾತನ ಹೆಸರಲ್ಲಿ, ಪೌತಿ ಖಾತೆ ಆಗಿಲ್ಲ, ನಾಲ್ಕು ಜನ ಅಣ್ಣತಮ್ಮಂದಿರು ಬಾಯಿ ಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಇದನ್ನು ಪಿತ್ರಾರ್ಜಿತ ಎಂದು ಸರ್ವೆ ನಂಬರ್, ಹಿಸ್ಸಾ, ಒಟ್ಟು ವಿಸ್ತೀರ್ಣ, ತಮ್ಮ ಪಾಲಿನ ಎಕರೆ-ಗುಂಟೆ ಸಮೇತ ಬರೆಯಬೇಕು. ಸ್ವಯಾರ್ಜಿತವಾದರೆ ಕೊಂಡ ದಿನ, ಕೊಂಡ ಬೆಲೆ, ಆಮೇಲೆ ಹಾಕಿದ ಬಂಡವಾಳ, ಈಗಿನ ಮಾರುಕಟ್ಟೆ ಬೆಲೆ ನಾಲ್ಕೂ ಬೇಕು. ಕೊಳವೆಬಾವಿ ಕೊರೆಸಿದ್ದು, ಪಾಲಿಹೌಸ್ ಹಾಕಿದ್ದು ಬಂಡವಾಳದ ಕಾಲಂಗೆ ಬರುತ್ತದೆ. ಬಗರ್ ಹುಕುಂ ಜಮೀನಿಗೆ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದರೆ ಅದು ಇನ್ನೂ ಆಸ್ತಿಯಲ್ಲ, ಮಾಲೀಕರೆಂದು ಬರೆದರೆ ಎದುರಾಳಿ ಅದನ್ನೇ ಹಿಡಿದು ಜಗ್ಗುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪ್ರಮಾಣಪತ್ರ ತೆಗೆಸಿ ತಾಳೆ ನೋಡಿ. ಮರೆತ ಸೈಟು ಹೊರಬರುವುದು ಅಲ್ಲಿಯೇ.

ಸಾಲದಲ್ಲಿ ಬಿಟ್ಟುಹೋಗುವುದು ಪ್ರಾಥಮಿಕ ಕೃಷಿ ಪತ್ತಿನ ಸಂಘದ ಬೆಳೆ ಸಾಲ, ಹೆಂಡತಿ ಹೆಸರಿನ ಒಡವೆ ಸಾಲ, ಸ್ವಸಹಾಯ ಸಂಘದ ಸಾಲ. ಪಿಎಲ್‌ಡಿ ಬ್ಯಾಂಕಿನ ಹಳೆ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತಿದ್ದರೂ ಬರೆದುಬಿಡಿ.

ಸರ್ಕಾರಿ ವಸತಿಗೃಹದಲ್ಲಿ ಕಳೆದ 10 ವರ್ಷದಲ್ಲಿ ಇದ್ದವರು ಬಾಡಿಗೆ, ವಿದ್ಯುತ್, ನೀರು, ದೂರವಾಣಿಗೆ ಬಾಕಿ ಇಲ್ಲವೆಂಬ ಪತ್ರ ತರಬೇಕು. ನಿವೃತ್ತ ನೌಕರರು ಇದರಲ್ಲೇ ಸಿಕ್ಕಿಬೀಳುತ್ತಾರೆ, ಇಲಾಖೆ ಪತ್ರ ಕೊಡಲು ಅದರದ್ದೇ ವೇಗ.

ಟೊಮೆಟೊ_ಮಂಡಿ
ಸಣ್ಣ ವಸ್ತು ಬಿಟ್ಟರೂ ಚುನಾವಣೆಯೇ ಅಸಿಂಧು ಅಂತ ಹೆದರಿಸುವವರಿದ್ದಾರೆ. ಅದು ಹಾಗಲ್ಲ ತಾನೆ?

ಪಹಣಿಪುಟ
ಹಾಗಲ್ಲ. ಬದುಕಿನ ಮಟ್ಟವನ್ನು ತೋರಿಸುವಷ್ಟು ಬೆಲೆಬಾಳದ ಪ್ರತಿಯೊಂದು ಚರ ವಸ್ತುವನ್ನೂ ಹೇಳಬೇಕಿಲ್ಲ ಎಂದು 2024ರಲ್ಲಿ ಅರುಣಾಚಲದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಟ್ಟೆಬರೆ, ಕುರ್ಚಿ ಮೇಜು ಬರೆಯುತ್ತಾ ಕೂರಬೇಡಿ. ಆದರೆ ಅದನ್ನು ನೆಪ ಮಾಡಿಕೊಂಡು ಮಗನ ಹೆಸರಿನ ಕಾರು ಬಿಟ್ಟರೆ ನಿಮ್ಮ ಹಣೆಬರಹ.

ಟೊಮೆಟೊ_ಮಂಡಿ
ಮೊಕದ್ದಮೆ ಕಾಲಂ ಬಗ್ಗೆ ನಾನು ಸೇರಿಸುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ರಾಜಕೀಯಕ್ಕೆ ಬರುವ ಹೊಸಬರಲ್ಲಿ ಬಹಳ ಮಂದಿ ಶಾಶ್ವತ ನೀರಾವರಿ ಹೋರಾಟ, ರಸ್ತೆ ತಡೆ, ಹಾಲಿನ ದರದ ಪ್ರತಿಭಟನೆಯಲ್ಲಿ ಇದ್ದವರು. ಅಕ್ರಮ ಕೂಟ, ದಾರಿ ತಡೆ ಎಂದು ಎಫ್‌ಐಆರ್ ಬಿದ್ದಿರುತ್ತದೆ, 'ಮತ್ತಿತರರು' ಸಾಲಿನಲ್ಲಿ ಹೆಸರು ಆಮೇಲೆ ಸೇರಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಆರು ತಿಂಗಳು ಮೊದಲೇ ಠಾಣೆಯಲ್ಲಿ ಲಿಖಿತವಾಗಿ ಕೇಳಿ, ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕಿ, ಹೆಸರಿನ ಕಾಗುಣಿತ ಬದಲಿಸಿ ಇನ್ನೊಮ್ಮೆ ಹುಡುಕಿ.

ಪ್ರಕರಣ ಇದ್ದರೆ ಸ್ಪರ್ಧೆಗೆ ಅಡ್ಡಿಯಿಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಆದವರಿಗೆ ಅನರ್ಹತೆ, ಅದು ಬಿಡುಗಡೆ ಆದ ಮೇಲೂ ಆರು ವರ್ಷ ನಡೆಯುತ್ತದೆ. ಬಾಕಿ ಪ್ರಕರಣ ಇರುವವರಿಗೆ ಇರುವುದು ಖರ್ಚಿನ ಕೆಲಸ: ಪತ್ರಿಕೆ ಮತ್ತು ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು. ವಾಪಸಾತಿ ಮುಗಿದ ಮೊದಲ 4 ದಿನದಲ್ಲಿ ಒಮ್ಮೆ, 5ರಿಂದ 8ನೇ ದಿನದೊಳಗೆ ಒಮ್ಮೆ, 9ನೇ ದಿನದಿಂದ ಪ್ರಚಾರದ ಕೊನೆಯ ದಿನದೊಳಗೆ ಒಮ್ಮೆ. ಜಾಹೀರಾತಿನ ಬಿಲ್ ಅಭ್ಯರ್ಥಿಯ ಲೆಕ್ಕಕ್ಕೇ ಬರುತ್ತದೆ. ಹೋರಾಟಗಾರರಿಗೆ ಇದು ಅನ್ಯಾಯ ಅನ್ನಿಸುತ್ತದೆ: ಕೆರೆಗೆ ನೀರು ಕೇಳಿದ್ದಕ್ಕೂ ದರೋಡೆಗೂ ಒಂದೇ ಅಳತೆಯ ಜಾಹೀರಾತು. ಆದರೂ ನಿಯಮ ನಿಯಮವೇ.

ಗುತ್ತಿಗೆದಾರರಿಗೆ ಬೇರೆ ಎಚ್ಚರಿಕೆ. ರಾಜ್ಯ ಸರ್ಕಾರದೊಂದಿಗೆ ಕಾಮಗಾರಿ ಅಥವಾ ಪೂರೈಕೆಯ ಗುತ್ತಿಗೆ ಚಾಲ್ತಿಯಲ್ಲಿದ್ದರೆ ಅನರ್ಹತೆ. ಕೆಲಸ ಪೂರ್ತಿ ಮುಗಿಸಿ ಬಿಲ್ ಮಾತ್ರ ಬಾಕಿಯಿದ್ದರೆ ತೊಂದರೆಯಿಲ್ಲ. ಕೆಲಸ ಮುಗಿದ ಪ್ರಮಾಣಪತ್ರ ಕೈಲಿರಲಿ.

ಹೆಬ್ಬಾಗಿಲು
ಇಷ್ಟರಲ್ಲೇ ಎರಡು ನೋಟ್‌ಬುಕ್ ತುಂಬಿತು. ಚಿಹ್ನೆ ಯಾವಾಗ ಗೊತ್ತಾಗುತ್ತದೆ?

ನಾಮಪತ್ರ_ಗುಮಾಸ್ತ
ಪಕ್ಷೇತರರು ನಾಮಪತ್ರದಲ್ಲೇ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಮೂರನ್ನು ಆದ್ಯತೆಯಂತೆ ಬರೆಯಬೇಕು. ಹಂಚುವುದು ವಾಪಸಾತಿಯ ದಿನ 3 ಗಂಟೆಯ ನಂತರ. ಇಬ್ಬರು ಪಕ್ಷೇತರರು ಒಂದನ್ನೇ ಕೇಳಿದರೆ ಚೀಟಿ ಎತ್ತುತ್ತಾರೆ. ಅಂದರೆ 2023ರ ಲೆಕ್ಕದಲ್ಲಿ ಏಪ್ರಿಲ್ 24ರ ಸಂಜೆಯವರೆಗೆ ಪಕ್ಷೇತರನಿಗೆ ಚಿಹ್ನೆಯೇ ಇಲ್ಲ, ಮೇ 8ರ ಸಂಜೆ 6ಕ್ಕೆ ಬಹಿರಂಗ ಪ್ರಚಾರ ಬಂದ್. ಉಳಿದದ್ದು 14 ದಿನ. ದೊಡ್ಡ ಪಕ್ಷದವರು ವರ್ಷಗಟ್ಟಲೆ ಬಿತ್ತಿದ ಚಿಹ್ನೆಯನ್ನು ಇವರು 14 ದಿನದಲ್ಲಿ ಬಿತ್ತಿ ಬೆಳೆಯಬೇಕು.

ಆದ್ದರಿಂದ ಕರಪತ್ರದ ವಿನ್ಯಾಸವನ್ನು ಚಿಹ್ನೆಯ ಜಾಗ ಖಾಲಿ ಬಿಟ್ಟು ಮೊದಲೇ ಮಾಡಿಸಿಟ್ಟಿರಿ. ಚಿಹ್ನೆ ಆರಿಸುವಾಗ ಒಂದೇ ಪರೀಕ್ಷೆ: ಅಜ್ಜಿಗೆ ಒಂದೇ ಪದದಲ್ಲಿ ಹೇಳಬಹುದೇ, ಮಗು ಸುಣ್ಣದಲ್ಲಿ ಗೋಡೆ ಮೇಲೆ ಗೀಚಬಹುದೇ? (ಗೋಡೆ ಬರಹಕ್ಕೆ ಅನುಮತಿ ಬೇಕು, ಅದು ಬೇರೆ.) ಯಂತ್ರದ ಸಣ್ಣ ಚಿತ್ರದಲ್ಲಿ ಇನ್ನೊಂದರಂತೆ ಕಾಣುವ ಚಿಹ್ನೆ ಬೇಡವೇ ಬೇಡ.

ಮತಯಂತ್ರದಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ನೋಂದಾಯಿತ ಪಕ್ಷದವರು, ಕೊನೆಗೆ ಪಕ್ಷೇತರರು. ಪ್ರತಿ ಗುಂಪಿನೊಳಗೆ ಕನ್ನಡ ವರ್ಣಮಾಲೆಯ ಕ್ರಮ, ಇನಿಷಿಯಲ್ ಲೆಕ್ಕಕ್ಕಿಲ್ಲ. ಒಂದು ಯಂತ್ರದಲ್ಲಿ ನೋಟಾ ಸೇರಿ 16 ಸಾಲು. ಅಭ್ಯರ್ಥಿಗಳು 15 ದಾಟಿದರೆ ಎರಡನೇ ಯಂತ್ರ ಬರುತ್ತದೆ, ಪಕ್ಷೇತರರು ಹೆಚ್ಚಾಗಿ ಅಲ್ಲಿ ಬೀಳುತ್ತಾರೆ. 'ಎರಡನೇ ಡಬ್ಬಿ, ಮೇಲಿಂದ ಮೂರನೆಯದು' ಎಂದು ಹೇಳಿಕೊಡಬೇಕಾಗುತ್ತದೆ. ಫೋಟೊ 2 ಸೆಂ.ಮೀ. ಅಗಲ, 2.5 ಸೆಂ.ಮೀ. ಎತ್ತರ, ಮೂರು ತಿಂಗಳೊಳಗೆ ತೆಗೆಸಿದ್ದು. ಅದೇ ಹೆಸರಿನ ಇನ್ನೊಬ್ಬರನ್ನು ನಿಲ್ಲಿಸುವ ಹಳೆ ಆಟಕ್ಕೆ ಇರುವ ಮದ್ದು ಆ ಫೋಟೊ ಒಂದೇ. ಆದ್ದರಿಂದ ಕರಪತ್ರದಲ್ಲೂ ಅದೇ ಫೋಟೊ ಹಾಕಿ, ಹತ್ತು ವರ್ಷ ಹಿಂದಿನ ಮೀಸೆಯ ಫೋಟೊ ಅಲ್ಲ.

ಬೂತ್‌ಲೆಕ್ಕ
ಖರ್ಚಿಗೆ ಬರ್ತೀನಿ. ಮಿತಿ 40 ಲಕ್ಷ (2022ರ ಜನವರಿಯಲ್ಲಿ ಏರಿದ್ದು). ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ, ಎರಡೂ ದಿನ ಸೇರಿ. ಮೊದಲೇ ಮುದ್ರಿಸಿ ನಂತರ ಬಳಸಿದ್ದೂ ಲೆಕ್ಕಕ್ಕೆ ಬರುತ್ತದೆ.

ನಾಮಪತ್ರಕ್ಕೆ ಕಡೇಪಕ್ಷ ಒಂದು ದಿನ ಮೊದಲು ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಒಂದು ಅಂಗಡಿಗೆ ಒಟ್ಟು 10,000 ಮೀರಿ ನಗದು ಕೊಡುವಂತಿಲ್ಲ. ಹೊಸಬರು 'ದಿನಕ್ಕೆ ಹತ್ತು ಸಾವಿರ' ಎಂದು ತಿಳಿಯುತ್ತಾರೆ. ಅಲ್ಲ, ಒಟ್ಟು. ಶಾಮಿಯಾನದವನಿಗೆ ಮೂರು ಸಲ ಐದೈದು ಸಾವಿರ ಕೊಟ್ಟರೆ ಮೂರನೆಯದು ತಪ್ಪು.

ಲೆಕ್ಕದ ಪುಸ್ತಕ ಮೂರು ಬಣ್ಣ. ಬಿಳಿ ಹಾಳೆ ದಿನದ ಖರ್ಚು, ಗುಲಾಬಿ ನಗದು, ಹಳದಿ ಬ್ಯಾಂಕ್. ಪ್ರಚಾರದ ಅವಧಿಯಲ್ಲಿ ಮೂರು ಸಲ ತಪಾಸಣೆಗೆ ಒಯ್ಯಬೇಕು. ಆ ಕಡೆ ಆಯೋಗದ ಖರ್ಚು ತಪಾಸಣೆಯವರು ನಿಮ್ಮದೇ ಸಭೆಯ ವಿಡಿಯೊ ಮಾಡಿ ಕುರ್ಚಿ ಎಣಿಸಿ ನೆರಳು ಪುಸ್ತಕ ಬರೆದಿರುತ್ತಾರೆ. ದರ ನಿಮ್ಮದಲ್ಲ, ಜಿಲ್ಲಾಡಳಿತದ ದರಪಟ್ಟಿಯದು: ಕುರ್ಚಿ, ಮೈಕ್, ಊಟ, ಹಾರ ಎಲ್ಲಕ್ಕೂ. ದರಪಟ್ಟಿ ಮಾಡುವ ಸಭೆ ಸಾಮಾನ್ಯವಾಗಿ ಪಕ್ಷಗಳ ಜೊತೆ ನಡೆಯುತ್ತದೆ, ಪಕ್ಷೇತರರು ಅದನ್ನು ಬರೆದು ಕೇಳಿ ಪಡೆಯಬೇಕು. 'ನಮ್ಮೂರಿನವರು ಪುಕ್ಕಟೆ ಕುರ್ಚಿ ಕೊಟ್ಟರು' ಎಂದರೂ ಬಾಡಿಗೆ ಬೀಳುತ್ತದೆ. ಸೇಬಿನ ಹಾರವನ್ನು ಕ್ರೇನ್‌ನಲ್ಲಿ ಹಾಕಿಸಿಕೊಳ್ಳುವ ಹುಚ್ಚಿದ್ದರೆ ಕ್ರೇನ್ ಬಾಡಿಗೆಯನ್ನೂ ಬರೆಯಿರಿ.

ಅಂದಾಜಿಗೆ ಒಂದು ಲೆಕ್ಕ, ದರ ನಿಮ್ಮೂರಿನದ್ದು ಹಾಕಿಕೊಳ್ಳಿ:
ಕರಪತ್ರ 60,000 ಮನೆ × 1.20 = 72,000
ಮೂರು ವಾಹನ × 14 ದಿನ × 3,500 = 1,47,000
ಮತದಾನದ ದಿನ 250 ಬೂತ್ × 600 (ಊಟ, ಓಡಾಟ) = 1,50,000
ಇಷ್ಟೇ 3,69,000. ಇದರಲ್ಲಿ ಒಂದೂ ಸಭೆ ಇಲ್ಲ, ಜಾಹೀರಾತು ಇಲ್ಲ.

ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ಇಬ್ಬರ ದೃಢೀಕರಣದೊಂದಿಗೆ ಘೋಷಣೆಯನ್ನು ಎರಡು ಪ್ರತಿ ಮುದ್ರಕರಿಗೆ ಕೊಡಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ ಅಥವಾ 2,000 ದಂಡ ಅಥವಾ ಎರಡೂ. ಪಾವಗಡ, ಬಾಗೇಪಲ್ಲಿಯವರು ಗಡಿಯಾಚೆ ಅಗ್ಗವೆಂದು ತೆಲುಗಿನಲ್ಲಿ ಮುದ್ರಿಸಿಕೊಂಡು ಬಂದರೂ ಇದೇ ನಿಯಮ.

ಟೊಮೆಟೊ_ಮಂಡಿ
ನಗದು ಸಾಗಣೆ. ಅಭ್ಯರ್ಥಿ, ಏಜೆಂಟ್ ಅಥವಾ ಕಾರ್ಯಕರ್ತರ ಗಾಡಿಯಲ್ಲಿ 50,000 ಮೀರಿ ನಗದು ಸಿಕ್ಕರೆ ಜಪ್ತಿ. ಕೋಲಾರ ಎಪಿಎಂಸಿ, ಚಿಂತಾಮಣಿ ಮಾರುಕಟ್ಟೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿಬರುವ ರೈತರ ಕೈಯಲ್ಲಿ ಅಷ್ಟು ದುಡ್ಡು ಸಹಜ. ಕಾರ್ಯಕರ್ತರೂ ರೈತರೇ. ಬಾವುಟ ಕಟ್ಟಿದ ಗಾಡಿಯಲ್ಲಿ ಟೊಮೆಟೊ ದುಡ್ಡು ತರಬೇಡಿ, ಮಂಡಿಯ ಚೀಟಿ ಜೇಬಲ್ಲಿರಲಿ. ಚೀಟಿ ತೋರಿಸಿದರೆ ಜಿಲ್ಲಾ ಸಮಿತಿಯಿಂದ ವಾಪಸ್ ಸಿಗುತ್ತದೆ, ಆದರೆ ಅದಕ್ಕೆ ಓಡಾಡುವ ದಿನಗಳು ನಿಮ್ಮ ಆ 14ರಲ್ಲೇ ಕಳೆಯುತ್ತವೆ.

ತಿಪಟೂರು_ಕೊಬ್ಬರಿ
ಬೂತ್‌ಲೆಕ್ಕ ಅವರ ಲೆಕ್ಕಕ್ಕೆ ನನ್ನ ತಕರಾರಿದೆ. ಹೊಸ ಪಕ್ಷೇತರನಿಗೆ 250 ಬೂತಿಗೂ ಏಜೆಂಟ್ ಯಾಕೆ? 80 ಬೂತ್ ಗಟ್ಟಿ ಮಾಡಿಕೊಂಡರೆ ಸಾಕು. ಉಳಿದ ಕಡೆ ಯಾರನ್ನೋ ಕೂರಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಇನ್ನೊಬ್ಬರ ಏಜೆಂಟ್ ಆಗಿರುತ್ತಾರೆ.

ಬೂತ್‌ಲೆಕ್ಕ
ಒಪ್ಪಲಾರೆ. ಏಜೆಂಟ್ ಇಲ್ಲದ ಬೂತಿನ 17ಸಿ (ಆ ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ನಮೂನೆ) ನಿಮ್ಮ ಕೈಗೆ ಬರುವುದಿಲ್ಲ. ಮಾಲೂರಿನಲ್ಲಿ 2023ರ ಅಂತರ ಕೇವಲ 248 ಮತ, ಆಮೇಲೆ ಎಣಿಕೆಯ ತಕರಾರು ಹೈಕೋರ್ಟ್ ಮೆಟ್ಟಿಲೇರಿತು. ಜಯನಗರದಲ್ಲಿ ಅದೇ ವರ್ಷ 16. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಒಂದೇ ಒಂದು ಮತ. ಕಾಗದ ಇಲ್ಲದೆ ತಕರಾರು ಮಾಡಲಾಗದು.

ತಿಪಟೂರು_ಕೊಬ್ಬರಿ
248ರ ಅಂತರಕ್ಕೆ ಬರುವ ಹೊಸಬರು ಎಷ್ಟು ಮಂದಿ ಸ್ವಾಮಿ? ಹೆಚ್ಚಿನವರದ್ದು ಠೇವಣಿ ಉಳಿಸಿಕೊಳ್ಳುವ ಹೋರಾಟ. ಚಲಾವಣೆಯಾದ ಸಿಂಧು ಮತದ ಆರನೇ ಒಂದು ಭಾಗ ಮೀರಬೇಕು: 1,80,000 ಮತ ಬಿದ್ದರೆ 30,000 ಸಾಲದು, 30,001 ಬೇಕು. ನೋಟಾ ಆ ಲೆಕ್ಕಕ್ಕೆ ಸೇರುವುದಿಲ್ಲ. ಆ ದೃಷ್ಟಿಯಲ್ಲಿ ದುಡ್ಡನ್ನು ಗಟ್ಟಿ ಬೂತಿಗೆ ಹಾಕುವುದೇ ಜಾಣತನ.

ಮೂರನೇ_ಸುತ್ತು
ಇಬ್ಬರದ್ದೂ ಇರಲಿ. 80 ಆದರೂ 250 ಆದರೂ ಏಜೆಂಟರ ಕೆಲಸ ಏನೆಂದು ಹೇಳಿಕೊಡದಿದ್ದರೆ ಎರಡೂ ದಂಡ.

ಬೂತ್ ಏಜೆಂಟರನ್ನು ನೇಮಿಸುವ ನಮೂನೆ 10ಕ್ಕೆ ಅಭ್ಯರ್ಥಿ ಅಥವಾ ಚುನಾವಣಾ ಏಜೆಂಟ್ (ನಮೂನೆ 8ರಲ್ಲಿ ನೇಮಕ ಆದವರು) ಮಾತ್ರ ಸಹಿ ಹಾಕಬೇಕು. ಅವರಿಬ್ಬರ ಮಾದರಿ ಸಹಿ ಪ್ರತಿ ಮತಗಟ್ಟೆ ಅಧಿಕಾರಿ ಬಳಿ ಇರುತ್ತದೆ. 'ಅಣ್ಣ ಬಿಜಿ ಇದ್ದಾರೆ' ಎಂದು ತಮ್ಮ ಗೀಚಿದ ಫಾರ್ಮ್ ಹಿಡಿದು ಹೋದ ಏಜೆಂಟರನ್ನು ಬೆಳಿಗ್ಗೆ ಐದೂವರೆಗೇ ಹೊರಗೆ ಕಳಿಸುತ್ತಾರೆ. ಒಂದು ಬೂತಿಗೆ ಒಬ್ಬ ಏಜೆಂಟ್, ಇಬ್ಬರು ಬದಲಿ. ಅಂದರೆ 80 ಬೂತಿಗೆ 240 ಸಹಿ. ಮುಂಚಿನ ದಿನ ರಾತ್ರಿ ಕೂತು ಹಾಕುವ ಕೆಲಸ ಅಲ್ಲ.

ಏಜೆಂಟ್ ಅದೇ ಬೂತಿನ ಅಥವಾ ಪಕ್ಕದ ಬೂತಿನ ಮತದಾರರಾಗಿರಬೇಕು. ಸಿಗದಿದ್ದರೆ ಅದೇ ಕ್ಷೇತ್ರದ ಬೇರೆಯವರು ನಡೆಯುತ್ತದೆ.

ಏಳಕ್ಕೆ ಮತದಾನವಾದರೆ ಐದೂವರೆಗೆ ಅಣಕು ಮತದಾನ, ಕಡೇಪಕ್ಷ 50 ಮತ. ನಿಮ್ಮ ಗುಂಡಿಯನ್ನು ನೀವೇ ಒತ್ತಿಸಿ, ವಿವಿಪ್ಯಾಟ್ (ಬಿದ್ದ ಮತವನ್ನು ಚೀಟಿಯಲ್ಲಿ ತೋರಿಸುವ ಯಂತ್ರ) ಸ್ಲಿಪ್‌ನಲ್ಲಿ ನಿಮ್ಮ ಚಿಹ್ನೆಯೇ ಬಂತೇ ನೋಡಿ (ಏಳು ಸೆಕೆಂಡ್ ಕಾಣುತ್ತದೆ). ಮುಗಿದ ಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್ ಒತ್ತಿ ಯಂತ್ರ ಸೊನ್ನೆಗೆ ಬಂತೇ, ವಿವಿಪ್ಯಾಟ್ ಪೆಟ್ಟಿಗೆಯ ಸ್ಲಿಪ್ ತೆಗೆದರೇ ಎಂದು ನೋಡದೆ ಸಹಿ ಹಾಕಬಾರದು. ಕ್ಲಿಯರ್ ಮರೆತ ಬೂತಿನ ಲೆಕ್ಕ ಎಣಿಕೆ ದಿನ 50 ಹೆಚ್ಚು ಬಂದು ಇಡೀ ಮೇಜು ನಿಲ್ಲುತ್ತದೆ.

ಸಂಜೆ ಯಂತ್ರದ ಒಟ್ಟು ಸಂಖ್ಯೆ, ರಿಜಿಸ್ಟರಿನ ಸಂಖ್ಯೆ, ಯಂತ್ರದ ಕ್ರಮ ಸಂಖ್ಯೆ, ಸೀಲಿನ ಸಂಖ್ಯೆ ನಾಲ್ಕನ್ನೂ 17ಸಿಯಲ್ಲಿ ನೋಡಿ, ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ಕೇಳದಿದ್ದರೂ ಕೊಡಬೇಕು. ಆದರೆ ಎಂಟು ಗಂಟೆ ರಾತ್ರಿಯಲ್ಲಿ ಬಸ್ ಹಾರ್ನ್ ಹೊಡೆಯುತ್ತಿರುವಾಗ ಕೇಳಿದವರಿಗೇ ಸಿಗುವುದು.

ಎಣಿಕೆ ಏಜೆಂಟರಿಗೆ ನಮೂನೆ 18, ಸಾಮಾನ್ಯವಾಗಿ 14 ಮೇಜು, ಮೇಲೆ ಚುನಾವಣಾಧಿಕಾರಿಯದೊಂದು. ಮೇಜಿಗೊಬ್ಬರು, ಕೈಲಿ ಆಯಾ ಬೂತಿನ 17ಸಿ. ಯಂತ್ರದ ಸಂಖ್ಯೆ ತಾಳೆ ಆಗುವ ಮೊದಲು ರಿಸಲ್ಟ್ ಗುಂಡಿ ಒತ್ತಿಸಬೇಡಿ. ಮರುಎಣಿಕೆ ಬೇಕಿದ್ದರೆ ಒಟ್ಟು ಮತ ಘೋಷಿಸಿದ ಕೂಡಲೇ, ಫಲಿತಾಂಶ ಹಾಳೆಗೆ ಸಹಿ ಬೀಳುವ ಮೊದಲು, ಕಾರಣ ಬರೆದು ಅರ್ಜಿ ಕೊಡಬೇಕು. ಖಾಲಿ ಹಾಳೆ, ಪೆನ್ನು ಒಳಗೇ ಇರಲಿ. ಅದು ತಪ್ಪಿದರೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ, ಅದು ಬೇರೆಯದೇ ಲೋಕ.

ಗಡಿಸೀಮೆ_ಪಾವಗಡ
ಮನೆಯಿಂದ ಮತದಾನ ಮರೆತಿರಿ. 85 ದಾಟಿದವರು, ಶೇ 40 ಮತ್ತು ಹೆಚ್ಚಿನ ಅಂಗವೈಕಲ್ಯ ಇರುವವರು ಅದಕ್ಕಾಗಿ ನಮೂನೆ 12ಡಿ ಅರ್ಜಿ ಕೊಟ್ಟಿದ್ದರೆ ತಂಡ ಮನೆಗೇ ಹೋಗುತ್ತದೆ. ಯಾವ ದಿನ ಯಾವ ದಾರಿ ಎಂದು ಅಭ್ಯರ್ಥಿಗೆ ತಿಳಿಸುತ್ತಾರೆ, ಪ್ರತಿನಿಧಿ ಕಳಿಸಬಹುದು. ಪಕ್ಷೇತರರು ಕಳಿಸುವುದೇ ಇಲ್ಲ. ಆ ಮತಗಳು ಪ್ರಚಾರ ಮುಗಿಯುವ ಮೊದಲೇ ಬಿದ್ದಿರುತ್ತವೆ.

ಬೂತ್‌ಲೆಕ್ಕ
ಸೋತ ಮೇಲಿನ ಮಾತು. ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಪೂರ್ತಿ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಲೇಬೇಕು. 2023ರದ್ದಾದರೆ ಜೂನ್ 12 ಗಡುವು. 26ನೇ ದಿನ ಲೆಕ್ಕ ಹೊಂದಿಸುವ ಸಭೆ ಇರುತ್ತದೆ, ನೆರಳು ಪುಸ್ತಕಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಇದ್ದರೆ ಅಲ್ಲೇ ಬಗೆಹರಿಸಿಕೊಳ್ಳಿ. ಠೇವಣಿ ಹೋಯಿತು, ಇನ್ನೇನು ಲೆಕ್ಕ ಎಂದು ಪುಸ್ತಕ ಮೂಲೆಗೆಸೆದವರಿಗೆ ಆಯೋಗ ಮೂರು ವರ್ಷ ಅನರ್ಹತೆ ಹಾಕಬಹುದು. ಆ ಮೂರು ವರ್ಷದಲ್ಲಿ ಮುಂದಿನ ಚುನಾವಣೆಯೂ ಸಿಕ್ಕಿಹಾಕಿಕೊಂಡರೆ ಎರಡು ಸಲ ಸೋತ ಹಾಗೆ. ಬಿಲ್, ವೋಚರ್, ಬ್ಯಾಂಕ್ ಪಟ್ಟಿ, ಅಫಿಡವಿಟ್ ಸೇರಿಸಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹೆಬ್ಬಾಗಿಲು
ಈಗಲೇ ಶುರು ಮಾಡಬಹುದಾದ ಕೆಲಸ ಒಂದು ಹೇಳಿ. ಸೂಚಕರಾಗಿ ಹತ್ತು ಜನ ಒಪ್ಪಿದ್ದಾರೆ, ಅವರ ಹೆಸರು ಬರೆದಿಟ್ಟರೆ ಸಾಕಾ?

ನಾಮಪತ್ರ_ಗುಮಾಸ್ತ
ಹತ್ತಲ್ಲ, ಐವತ್ತು ಜನರದ್ದು ಬರೆಸಿ. ಗುರುತಿನ ಚೀಟಿ ನಂಬರ್ ನಂಬಬೇಡಿ, ಈಗಿನ ಪಟ್ಟಿಯಲ್ಲಿ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಿ ಬರೆಯಿರಿ. ಪಟ್ಟಿ ಪರಿಷ್ಕರಣೆ ಆದಾಗಲೆಲ್ಲ ಮತ್ತೆ ನೋಡಿ, ಮದುವೆಯಾಗಿ ಹೋದವರು, ಬೆಂಗಳೂರಿಗೆ ವರ್ಗಾಯಿಸಿಕೊಂಡವರು ಕಾಣೆಯಾಗಿರುತ್ತಾರೆ. ಅಭ್ಯರ್ಥಿಯ ಹೆಸರನ್ನೇ ಮೊದಲು ನೋಡಿ.